ಭಾವ ಕಟ್ಟಿದ ಕೇಬಲ್

ನನ್ನ ಕಂಪ್ಯೂಟರ್ ಸುಮ್ಮನೆ ಕೆಡುವ ಜಾತಿಯದಲ್ಲ. ಕೆಲಸ ತಲೆಯ ಮೇಲೆ ಬಂದಾಗ ನೋಡಿಕೊಂಡೇ ಕೆಡುತ್ತದೆ. ಹೊಸಮನೆ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವನ್ನೂ ಡಿಸೈನ್ ಮಾಡಿ ಪ್ರೆಸ್ಸಿಗೆ ಕಳಿಸುತ್ತೇನೆ. ಮದುವೆಯ ಸೀಸನ್ನು ಶುರುವಾಗುವ ಹೊತ್ತಿಗೆ ಸರಿಯಾಗಿ ಅದರ ಎಸ್‌ಎಂಪಿಎಸ್, ಅಂದರೆ ಒಳಗಿನ ಎಲ್ಲದಕ್ಕೂ ಕರೆಂಟು ಹಂಚುವ ಡಬ್ಬಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

ಅಂಗಡಿಗೆ ಹೊತ್ತುಕೊಂಡು ಹೋಗಬಹುದಿತ್ತು. ನಾನು ಭದ್ರಾವತಿಗೆ, ಅಕ್ಕನ ಗಂಡನಿಗೆ ಫೋನ್ ಮಾಡಿದೆ. ಭಾವ ಕಾಗದದ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಮಿಲ್ಲು ನಿಂತ ಮೇಲೆ ಕಾಗದನಗರದ ಕ್ವಾರ್ಟರ್ಸಿನಲ್ಲಿ ಪೇಪರು ಓದಿಕೊಂಡು, ಅಕ್ಕನ ಮಿಕ್ಸಿಯನ್ನು ಕೆಡದಿದ್ದರೂ ಬಿಚ್ಚಿ ಜೋಡಿಸಿಕೊಂಡು ದಿನ ದೂಡುತ್ತಿದ್ದರು. ಟೆಸ್ಟರ್ ಮಾತ್ರ ಅವರ ಷರ್ಟಿನ ಜೇಬಿನಿಂದ ಇಳಿದಿರಲಿಲ್ಲ. ಮದುವೆಮನೆಗೆ ಬಂದರೂ ಅದು ಪೆನ್ನಿನ ಪಕ್ಕದಲ್ಲೇ ಇರುತ್ತಿತ್ತು. “ಮದುಮಗನ ಕರೆಂಟ್ ಚೆಕ್ ಮಾಡಕ್ಕಾ ಭಾವ?” ಎಂದು ನಾನು ರೇಗಿಸುತ್ತಿದ್ದೆ. ಆ ಟೆಸ್ಟರಿಗೆ ಒಂದು ನಿಜವಾದ ಕೆಲಸ ಸಿಗಲಿ, ತಮ್ಮ ಕೈ ಇನ್ನೂ ಬೇಕಾಗುತ್ತದೆ ಎಂದು ಅವರಿಗೆ ಅನ್ನಿಸಲಿ ಎಂಬುದೇ ನನ್ನ ಆಸೆ. ಕಂಪ್ಯೂಟರ್ ಒಂದು ನೆಪ.

“ನೀನು ಕರೆದೆ ಅಂತ ಇಸ್ತ್ರಿ ಷರ್ಟ್ ಹಾಕ್ಕೊಂಡು ಹೊರಟಿದಾರೆ ಕಣೇ,” ಎಂದು ಅಕ್ಕ ಫೋನಿನಲ್ಲಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಹಳೆಯ ಕಂಪನಿಯದೇ ಹೊಸ ಡಬ್ಬಿಯನ್ನು ತಂದಿಟ್ಟಿದ್ದೆ. ಅದರ ಜೊತೆ ಒಂದು ಚೀಲದಲ್ಲಿ ಹೊಸ ಕೇಬಲ್‌ಗಳೂ ಬಂದಿದ್ದವು. ಭಾವ ಚೀಲವನ್ನು ಪಕ್ಕಕ್ಕೆ ಸರಿಸಿದರು. ಹಿಂದೊಮ್ಮೆ ಧೂಳು ತೆಗೆಯಲು ಬಂದಾಗ ಅವರು ಒಳಗಿನ ಕೇಬಲ್‌ಗಳನ್ನೆಲ್ಲ ಮಿಲ್ಲಿನ ಪ್ಯಾನೆಲ್ಲಿನಲ್ಲಿ ಕಟ್ಟುವ ಹಾಗೆ ಮೇಣದ ದಾರದಿಂದ ಗಂಟು ಹಾಕಿ ಕಟ್ಟಿದ್ದರು. ಒಂದು ಎಳೆಯೂ ಸಡಿಲವಿರಲಿಲ್ಲ.

“ಓಡ್ತಿರೋ ವೈರಿಂಗನ್ನ ಮುಟ್ಟಬಾರದು ಮಾರಾಯ್ತಿ. ಕೆಟ್ಟಿರೋದು ಡಬ್ಬಿ. ಡಬ್ಬಿ ಬದಲಾಯಿಸಿದ್ರೆ ಮುಗೀತು.”

ಮದರ್‌ಬೋರ್ಡಿನ ದಪ್ಪ ಕೇಬಲ್ ಹೊಸ ಡಬ್ಬಿಗೇ ಅಂಟಿಕೊಂಡಿತ್ತು. ಹಾರ್ಡ್ ಡಿಸ್ಕಿಗೆ ಹೋಗುವ ಕೇಬಲ್ ಮಾತ್ರ ಬಿಚ್ಚಿ ಸಿಕ್ಕಿಸುವಂಥದ್ದು. ತಾವು ಕಟ್ಟಿದ ಹಳೆಯ ಕೇಬಲ್ಲಿನ ತುದಿಯನ್ನು ಅವರು ಹೊಸ ಡಬ್ಬಿಗೆ ಸಿಕ್ಕಿಸಿದರು. ಟಕ್ಕೆಂದು ಕೂತಿತು. ಇನ್ನೇನು ಅನುಮಾನ?

ಸ್ವಿಚ್ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಮತ್ತೆ ಅಷ್ಟೇ. ಭಾವ ಗಾಬರಿಯಾಗಲಿಲ್ಲ, ಖುಷಿಯಾದರು. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದರು. ಗೋಡೆಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟರು. ಒಂದೊಂದೇ ಭಾಗವನ್ನು ಕಳಚಿ, ಪ್ರತಿ ಸಲ “ಹಾಕು” ಎಂದರು. ನಾನು ಹೆಲ್ಪರ್ ಹಾಗೆ ಸ್ವಿಚ್ ಹತ್ತಿರ ನಿಂತಿದ್ದೆ. ಹಾರ್ಡ್ ಡಿಸ್ಕಿನ ಕೇಬಲ್ ಕಳಚಿದಾಗ ಫ್ಯಾನು ನಿಲ್ಲದೆ ತಿರುಗಿತು, ಸ್ಕ್ರೀನಿನಲ್ಲಿ ಬೆಳಕು ಬಂತು. ಡಿಸ್ಕ್ ಇಲ್ಲ ಎಂದು ಅಕ್ಷರ ಮೂಡಿತು.

“ಸಿಕ್ತು ನೋಡು. ಡಿಸ್ಕ್ ಶಾರ್ಟ್ ಆಗಿದೆ,” ಎಂದರು ಭಾವ. ಅವರಿಗೆ ಫಾಲ್ಟು ಸಿಕ್ಕಿದ ಸಂತೋಷ. ನನಗೆ ನನ್ನ ಅಕ್ಷರಗಳ ಚಿಂತೆ. ಕಾರ್ಡುಗಳಿಗೆಂದು ಬಿಡುವಾದಾಗಲೆಲ್ಲ ಕೂತು ನಾನೇ ಬರೆದ ಕನ್ನಡ ಫಾಂಟಿನ ಅಕ್ಷರಗಳು, ಒತ್ತಕ್ಷರಗಳ ಸಮೇತ ಪೂರ್ತಿ ಒಂದು ಸೆಟ್ಟು, ಆ ಡಿಸ್ಕಿನಲ್ಲಿದ್ದವು. ಬೇರೆ ಕಡೆ ಕಾಪಿ ಇರಲಿಲ್ಲ.

ಡಿಸ್ಕನ್ನೂ ಹೊಸ ಡಬ್ಬಿಯನ್ನೂ ಕೇಬಲನ್ನೂ ಹಿಡಿದು ಇಬ್ಬರೂ ಅಂಗಡಿಗೆ ಹೋದೆವು. ರಿಪೇರಿಯವರು ತಿರುಗಿಸಿ ನೋಡಿದರು, ಭಾವನ ಮುಖ ನೋಡಿದರು, ಜೇಬಿನ ಟೆಸ್ಟರ್ ನೋಡಿದರು. “ಹಳೇ ಡಿಸ್ಕು ಮೇಡಂ. ಹೋಗೋ ಟೈಮು,” ಎಂದರು. ಭಾವ ನಿಟ್ಟುಸಿರು ಬಿಟ್ಟು ಗಾಡಿ ತಿರುಗಿಸಲು ಹೊರಗೆ ಹೋದ ಮೇಲೆ ಅವರು ಕೇಬಲನ್ನು ನನ್ನ ಮುಂದಿಟ್ಟರು. “ಹಳೇ ಕೇಬಲ್ ಹಾಕಿದ್ರಲ್ಲ, ಅದೇ ಎಡವಟ್ಟಾಗಿದ್ದು. ಪ್ಲಗ್ ಒಂದೇ ಥರ ಇರತ್ತೆ, ಒಳಗಡೆ ಪಿನ್ ಬೇರೆ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋಗಿದೆ. ಡಿಸ್ಕಲ್ಲಿ ಇದ್ದಿದ್ದು ವಾಪಸ್ ಬರೋದು ಕಷ್ಟ.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಆದರೆ ಭಾವ ಹೊರಗೆ ಗಾಡಿಯ ಸೀಟು ಒರೆಸುತ್ತ ನಿಂತಿದ್ದರು. ಬೆಳಿಗ್ಗೆ ಬಂದಾಗ ಇದ್ದ ಮುಖ ಹಾಗೆಯೇ ಇತ್ತು. ಅದನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ. ಊಟಕ್ಕೆ ಕೂತಾಗಲೂ “ಹೋಗೋ ಟೈಮಂತೆ ಬಿಡಿ ಭಾವ” ಎಂದೆ. ಅವರು ಇನ್ನೊಂದು ಸಲ ಸಾರು ಹಾಕಿಸಿಕೊಂಡು ಉಂಡರು.

ಹೊರಡುವಾಗ ಹಳೆಯ ಡಬ್ಬಿ, ಹಳೆಯ ಕೇಬಲ್ ಎರಡನ್ನೂ ಚೀಲಕ್ಕೆ ಹಾಕಿಕೊಂಡರು. “ತಾಮ್ರ ಒಳ್ಳೇದಿದೆ, ಯಾತಕ್ಕಾದ್ರೂ ಆಗತ್ತೆ.” ಬೇಡ ಎನ್ನಲು ನನಗೆ ಹೊಳೆಯಲೇ ಇಲ್ಲ. ವೋಲ್ಟು ಅಳೆಯುವ ಮೀಟರ್ ಇರುವ ಮನೆಗೆ ಅದನ್ನು ನಾನೇ ಕಳಿಸಿಕೊಟ್ಟಂತಾಯಿತು.

ವಾರ ಕಳೆಯುವುದರೊಳಗೆ ಭಾವ ಹೇಳದೆ ಕೇಳದೆ ಬಂದರು. ಕಾಫಿ ಬೇಡ ಎಂದರು. ಹೊಸ ಡಬ್ಬಿಗೆ ಮೊದಲು ಹಳೆಯ ಕೇಬಲ್ ಸಿಕ್ಕಿಸಿ ಮೀಟರ್ ಹಿಡಿದರು, ಆಮೇಲೆ ಡಬ್ಬಿಯ ಜೊತೆ ಬಂದಿದ್ದ ಹೊಸದನ್ನು. ಒಂದೇ ಕಡೆ ಮೊದಲು ಹನ್ನೆರಡು, ಆಮೇಲೆ ಐದು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವಾಗಿಂದ?”

“ಅಂಗಡಿಲಿ ಹೇಳಿದ್ರು.”

ಅವರು ಮೀಟರಿನ ವೈರು ಸುತ್ತಿಟ್ಟರು. “ಮಿಲ್ಲಲ್ಲಿ ನಾನು ತಪ್ಪು ಮಾಡಿದ್ರೆ ಹೆಲ್ಪರ್ ಕೂಡ ಮುಖಕ್ಕೆ ಹೇಳ್ತಿದ್ದ. ಹೇಳದಿದ್ರೆ ಮುಂದಿನ ಪ್ಯಾನೆಲ್ಲಲ್ಲಿ ಯಾರೋ ಸಾಯ್ತಿದ್ರು.” ಆಮೇಲೆ ಹೊಸ ಕೇಬಲನ್ನು ಹಾಕಿ, ನಾನು ತಂದಿಟ್ಟಿದ್ದ ಹೊಸ ಡಿಸ್ಕನ್ನು ಕೂರಿಸಿದರು. ಕಂಪ್ಯೂಟರ್ ಶುರುವಾಯಿತು. ಕೇಬಲ್ ಕಟ್ಟದೆ ಹಾಗೇ ಬಿಟ್ಟು ಮುಚ್ಚಿದರು.

ಅಕ್ಷರಗಳನ್ನು ಮತ್ತೆ ಬರೆಯುತ್ತಿದ್ದೇನೆ, ‘ಕ’ ಬಳ್ಳಿ ಮುಗಿದಿದೆ. ಅವು ಬರುತ್ತವೆ. ಸುಳ್ಳು ಹೇಳಿದ್ದು ಪ್ರೀತಿಯಿಂದ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಸಮಾಧಾನವಿಲ್ಲ.

ಮೊನ್ನೆ ಮುಂದಿನ ಕೋಣೆಯ ಸ್ವಿಚ್ಚು ಚಿಟಚಿಟ ಅನ್ನತೊಡಗಿತು. ಫೋನ್ ಮಾಡಿ, ಬನ್ನಿ ಭಾವ ಎಂದೆ.

“ಬೇರೆ ಯಾರನ್ನಾದ್ರೂ ಕರಿ ಮಾರಾಯ್ತಿ,” ಎಂದರು, ಸಿಟ್ಟಿಲ್ಲದ ದನಿಯಲ್ಲಿ. “ನಾನು ಹಾಳು ಮಾಡಿದ್ರೂ ನೀನು ಚೆನ್ನಾಗಿದೆ ಅಂತೀಯ. ನಿನ್ನ ಮನೇಲಿ ನಾನು ಹೇಗೆ ಕೆಲಸ ಮಾಡ್ಲಿ?”