ಗೌರಮ್ಮನ ಬಾಯಿಯ ಕನ್ನಡ

"ಮದ್ದು ತಂದಿದ್ದೇನೆ, ಬಿಸಿ ಇರುವಾಗಲೇ ಕುಡಿಯಿರಿ" ಎಂದು ನಾನು ಹೇಳಿದ್ದಷ್ಟೆ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸರ ಕೈಗಳು ಒಟ್ಟಿಗೇ ನಿಂತವು. ಬೆಳಗ್ಗೆಯಿಂದ ಕೆಮ್ಮುತ್ತಿದ್ದ ಮನೆಯೊಡತಿ ಗೌರಮ್ಮ ಕೆಮ್ಮುವುದನ್ನೂ ಮರೆತು ಒಮ್ಮೆ ನನ್ನ ಕೈಯ ಲೋಟವನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು. ಲೋಟದಲ್ಲಿದ್ದದ್ದು ಕಾಳುಮೆಣಸು, ಜೀರಿಗೆ, ಬೆಲ್ಲ ಹಾಕಿ ಕುದಿಸಿದ ಕಷಾಯ. ನಾವು ನಂಜನಗೂಡಿಗೆ ಬಂದು ಇನ್ನೂ ಒಂದು ವಾರ ಆಗಿರಲಿಲ್ಲ.

ನಮ್ಮ ಮಂಗಳೂರಿನಲ್ಲಿ ಜ್ವರಕ್ಕೂ ಮದ್ದು, ತಲೆನೋವಿಗೂ ಮದ್ದು. ಇಲ್ಲಿ ಮದ್ದು ಎಂದರೆ ಆಗದವರು ಅನ್ನದಲ್ಲಿ ಬೆರೆಸಿ ಇಕ್ಕುವ ವಿಷ, ಹೊಟ್ಟೆಯೊಳಗೆ ಕೂತು ಮೆಲ್ಲಗೆ ಕೊಲ್ಲುವಂಥದ್ದು. ವಾಸಿ ಮಾಡುವುದಕ್ಕೆ 'ಔಸ್ದಿ' ಅನ್ನಬೇಕು. ಇದನ್ನು ನನಗೆ ಬಿಡಿಸಿ ಹೇಳಿದವನು ಗೌರಮ್ಮನ ಮಗ ಮಾದೇವ, ಅದೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡ ಮೇಲೆ. ಗೌರಮ್ಮ ನಗಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು. ಮರುದಿನ ಹಿತ್ತಿಲಿನ ದಾಸವಾಳದ ಬುಡದಲ್ಲಿ ಬೆಲ್ಲದ ವಾಸನೆಗೆ ಇರುವೆಗಳು ಮುತ್ತಿದ್ದವು.

ಮಂಗಳೂರಿನಿಂದ ನಂಜನಗೂಡಿಗೆ ಹೋದದ್ದನ್ನೂ ವಲಸೆ ಅನ್ನುತ್ತಾರಾ ಎಂದು ನೀವು ಕೇಳಬಹುದು. ಪರದೇಶಕ್ಕೆ ಹೋದವರಿಗೆ ಭಾಷೆ ಬೇರೆ ಎಂಬ ಸಮಾಧಾನವಾದರೂ ಉಂಟು. ನನ್ನದು ಕನ್ನಡದಿಂದ ಕನ್ನಡಕ್ಕೆ ಬಂದ ಫಜೀತಿ. ಕಾನ್ವೆಂಟಿನಲ್ಲಿ ನಮ್ಮ ಕನ್ನಡ ಟೀಚರು ಹಕಾರ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ಹಳ್ಳಿ ಅಳ್ಳಿ, ಹೋಗು ಓಗು, ಹಾಲು ಆಲು. ಇಡೀ ಬೀದಿಯನ್ನೇ ಬೆಂಚು ಹತ್ತಿಸಬೇಕಾಗುತ್ತಿತ್ತು. ಬದಲಿಗೆ ನಾನು ಬಾಯಿ ತೆರೆದರೆ ಅವರೇ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ಪುಸ್ತಕ ಓದ್ದಂಗೆ ಮಾತಾಡ್ತದೆ ಕಣ್ರೀ ಈವಮ್ಮ."

ನಮ್ಮನ್ನು ಇಲ್ಲಿಗೆ ತಂದದ್ದು ನಮ್ಮವರ ಕೆಲಸ. ಅವರು ಕ್ಯಾನ್ಸರ್ ಸಂಶೋಧಕರು. ಪಿಎಚ್‌ಡಿ ಮುಗಿದ ಮೇಲೆ ಪೋಸ್ಟ್‌ಡಾಕ್ ಎಂಬ ಒಂದು ಅವಸ್ಥೆ ಉಂಟು. ವಿದ್ಯಾರ್ಥಿಯೂ ಅಲ್ಲ, ಕಾಯಂ ನೌಕರನೂ ಅಲ್ಲ, ಒಂದು ಫೆಲೋಶಿಪ್ ಮುಗಿದರೆ ಇನ್ನೊಂದು ಊರಿಗೆ ಗಂಟು ಕಟ್ಟಬೇಕು. ಹೊಗೆಸೊಪ್ಪು ಅಗಿಯುವವರ ಕೆನ್ನೆಯೊಳಗೆ ಕ್ಯಾನ್ಸರ್ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಜೀವಕೋಶಗಳಲ್ಲಿ ಏನು ಬದಲಾಗುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಶಿಬಿರ. ದಂತವೈದ್ಯರು ಬಾಯಿ ನೋಡುವರು. ಒಪ್ಪಿದವರ ಕೆನ್ನೆಯ ಒಳಗನ್ನು ನಮ್ಮವರು ಸಣ್ಣ ಬ್ರಷ್ಷಿನಿಂದ ಒರೆಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಮೈಸೂರಿನ ಲ್ಯಾಬಿಗೆ ಒಯ್ಯುವರು. ಬಿಳಿಗೆರೆಯ ಶಿಬಿರದಲ್ಲಿ ಯಾರೋ 'ಎಂಜ್ಲು ಡಾಕ್ಟ್ರು' ಎಂದು ಹೆಸರಿಟ್ಟರಂತೆ. ಆ ಹೆಸರು ಇವರಿಗಿಂತ ಮೊದಲೇ ನಮ್ಮ ಬೀದಿ ಮುಟ್ಟಿತ್ತು.

ಗೌರಮ್ಮನ ಎಡಗೆನ್ನೆ ಯಾವಾಗಲೂ ಒಂದು ಅಡಿಕೆಯಷ್ಟು ಉಬ್ಬಿರುತ್ತಿತ್ತು. ಎಲೆ, ಸುಣ್ಣ, ಹೊಗೆಸೊಪ್ಪು. ನಮ್ಮವರು ಬಾಯಿ ತೋರಿಸಿ ಎಂದು ಕೇಳಿದ್ದಕ್ಕೆ, "ನನ್ನ ಎಂಜ್ಲು ನಂಗೇ ಇರ್ಲಿ ಬುಡಪ್ಪ" ಎಂದುಬಿಟ್ಟಿದ್ದರು. ಕೆಲಸದ ವಿಷಯ ಅಲ್ಲಿಗೆ ನಿಂತಿತು. ನನ್ನ ಮೇಲಿನ ಅನುಮಾನ ಮಾತ್ರ ಮೆಲ್ಲಗೆ ಕರಗಿತು. ಕುಚ್ಚಲಕ್ಕಿ ಸಿಗದೆ ನಾನು ಬಡವಾಗುವುದನ್ನು ಕಂಡು ನಾವು ಬಾಡಿಗೆಗಿದ್ದ ಮಹಡಿಗೆ ಮುದ್ದೆ ಕಳಿಸಿದರು. ನಾನು ಅದನ್ನು ಅಗಿಯುತ್ತಾ ಕೂತಿದ್ದಾಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನುಂಗುವುದನ್ನು ಕಲಿಸಿದರು. ನಾನು ಮೊದಲ ತುತ್ತು ಸಲೀಸಾಗಿ ಇಳಿಸಿದ ದಿನ ಬೀದಿಗೆಲ್ಲ ಸುದ್ದಿ ಹೇಳಿದರು. ಮಧ್ಯಾಹ್ನಗಳು ಮೊದಲಿನಷ್ಟು ಉದ್ದ ಅನ್ನಿಸಲಿಲ್ಲ.

ಕಾರ್ತಿಕದ ಒಂದು ಸೋಮವಾರ ಕೆಳಗೆ ಗೌರಮ್ಮನಿಗೆ ನೀರುದೋಸೆ ಒಯ್ದೆ. "ಬ್ಯಾಡ ಕಣವ್ವ, ಉಣ್ಣದೆ" ಎಂದರು. ಶಿವಭಕ್ತರ ಮನೆ, ಉಣ್ಣದೆ ಇದ್ದಾರೆ, ಉಪವಾಸ ಎಂದುಕೊಂಡು ತಟ್ಟೆ ಹಿಂದೆ ತಂದೆ. ಮುಂದಿನ ಸೋಮವಾರವೂ ಅದೇ ಮಾತು. ಆಮೇಲೆ ಒಂದು ಬುಧವಾರವೂ. ವ್ರತ ಬಿಗಿಯಾಗಿದೆ ಎಂದು ಗೌರವವೇ ಮೂಡಿತು. ಈ ನಡುವೆ ಅವರು ಕಾಫಿಯನ್ನು ಕೆನೆ ಕಟ್ಟುವವರೆಗೆ ಆರಲು ಬಿಡುತ್ತಿದ್ದರು. ಸಾರಿಗೆ ಖಾರ ಹಾಕುವುದು ನಿಂತಿತ್ತು. ಉಬ್ಬು ಎಡಗೆನ್ನೆಯಿಂದ ಬಲಗೆನ್ನೆಗೆ ಹೋಗಿತ್ತು.

ಒಂದು ಭಾನುವಾರ ನಮ್ಮವರು ನರಸೀಪುರದ ಶಿಬಿರ ಮುಗಿಸಿ ಮಧ್ಯಾಹ್ನದ ಊಟಕ್ಕೆ ಬಂದರು. ನಗುತ್ತಲೇ ಕೂತರು. "ಒಬ್ಬ ಅಜ್ಜ ಕಾಲು ಮುಂದೆ ಚಾಚಿ 'ಉಣ್ಣದೆ ಸಾ, ಉಣ್ಣದೆ' ಅಂತಾನೆ ಮಾರಾಯ್ತಿ. ಪಾಪ, ಹಸಿದಿದ್ದಾನೆ ಅಂತ ಉಪ್ಪಿಟ್ಟು ಕೊಡಿಸಿದೆ. ತಿಂದು ಮುಗಿಸಿ ಮತ್ತೆ ಅದೇ ಕಾಲು, ಅದೇ ಮಾತು. ಕೊನೆಗೆ ನರ್ಸ್ ಬಂದು ಹೇಳಿದಳು, ಕಾಲಿನಲ್ಲಿ ಹುಣ್ಣು ಉಂಟಂತೆ."

ಹುಣ್ಣಿನ ಹಕಾರ ಬಿದ್ದರೆ ಉಣ್ಣು. ಇದೆ ಎಂಬುದು ಇಲ್ಲಿಯವರ ಬಾಯಲ್ಲಿ ಅದೆ. ಹುಣ್ಣು ಇದೆ, ಉಣ್ಣು ಅದೆ, ಉಣ್ಣದೆ.

ನಾನು ಬಡಿಸುವುದನ್ನು ಬಿಟ್ಟು ನಿಂತೆ. ಕೆಳಗೆ ಗೌರಮ್ಮ ಇಷ್ಟು ದಿನ ಹೇಳುತ್ತಿದ್ದದ್ದು ಉಪವಾಸದ ಮಾತಲ್ಲ ಎಂದೆ. ಇವರ ನಗು ಹೋಯಿತು. ಅರ್ಧ ಊಟದಲ್ಲೇ ಕೈ ತೊಳೆದು ಟಾರ್ಚ್ ಹುಡುಕಿದರು.

ಈ ಸಲ ಗೌರಮ್ಮ ಬಾಯಿ ತೆರೆದರು, ನಾನು ಕೈ ಹಿಡಿದುಕೊಂಡಿದ್ದೆ. ಗೌರಿಹಬ್ಬದಿಂದಲೂ ಉರಿ ಇತ್ತಂತೆ. ಎಡಗೆನ್ನೆಯ ಒಳಗೆ ಸುಣ್ಣ ಬಳಿದಂಥ ಬಿಳಿಪು, ಅದರ ನಡುವೆ ಅಂಚು ಎದ್ದ ಕೆಂಪು ಗಾಯ. ಇವರು ಟಾರ್ಚ್ ಆರಿಸಿದರು, ಮತ್ತೆ ಹೊತ್ತಿಸಿ ನೋಡಿದರು. ಆಮೇಲೆ ಮೈಸೂರಿಗೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಎಂದಷ್ಟೇ ಹೇಳಿದರು. ತಾನು ವೈದ್ಯನಲ್ಲ, ಕಣ್ಣಲ್ಲಿ ನೋಡಿ ಹೇಳಲಾಗದು ಎಂದರು. ಅದು ನಿಜವೇ. ಗೌರಮ್ಮ ನನ್ನ ಕಡೆ ತಿರುಗಿದರು.

"ನಿನ್ ಗಂಡನ ಮಖ ನಂಗೆ ಓದಕ್ ಬರಾಕಿಲ್ಲ. ನೀನು ಓದಿ ಏಳವ್ವ."

ನಾನು ಓದಿದೆ. "ಹೆದರಿಕೆ ಉಂಟು," ಎಂದೆ. "ತಡ ಆಗಿಲ್ಲ ಅಂತ ಆಸೆಯೂ ಉಂಟು."

ಗೌರಮ್ಮ ಎಲೆಯ ಡಬ್ಬಿಯನ್ನು ಎತ್ತಿ ಗೋಡೆಯ ಗೂಡಿನಲ್ಲಿಟ್ಟರು. ಬರಲು ಒಪ್ಪಿದರು, ಬೀದಿಗೆ ಗೊತ್ತಾಗಬಾರದು ಎಂಬ ಷರತ್ತಿನ ಮೇಲೆ. ಆ ಕಾಯಿಲೆಯ ಹೆಸರು ಅಂಟಿದ ಮನೆಯಲ್ಲಿ ಜನ ಮಜ್ಜಿಗೆಯನ್ನೂ ಮುಟ್ಟುವುದಿಲ್ಲವಂತೆ. ನನಗೆ ಸೀರೆ ತರಲು ಹೋಗುತ್ತಿದ್ದೇವೆ ಎಂದು ಎಲ್ಲರಿಗೂ ಹೇಳಿದರು. ಬಸ್ಸಿನಲ್ಲಿ ಮೈಸೂರು ಬರುವವರೆಗೂ ಸೀರೆಯ ಬಣ್ಣದ ಬಗ್ಗೆಯೇ ಮಾತಾಡಿದರು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ನನ್ನ ತೋಳು ಹಿಡಿದುಕೊಂಡರು.

ವರದಿಗೆ ಕಾದ ದಿನಗಳಲ್ಲಿ ಎಲೆಯ ಡಬ್ಬಿ ಗೂಡಿನಲ್ಲೇ ಇತ್ತು. ಮಹಡಿಯಲ್ಲಿ ನಮ್ಮವರಿಗೆ ನಿದ್ದೆಯಿಲ್ಲ. ಇವರ ಲ್ಯಾಬಿನಲ್ಲಿ ಸ್ಯಾಂಪಲ್ಲಿನ ಡಬ್ಬಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಹೆಸರಿದ್ದರೆ ಮುಖ ಕಾಣುತ್ತದೆ, ಅದಕ್ಕೇ ನಂಬರು ಇರಬೇಕು ಎಂದರು ಒಂದು ಬೆಳಗ್ಗೆ, ಶೇವ್ ಮಾಡುತ್ತಾ ಅರ್ಧಕ್ಕೆ ನಿಲ್ಲಿಸಿ. ಬೀದಿಯ ಹೆಂಗಸರು ಸೀರೆ ನೋಡಲು ಬಂದರು. ಬ್ಲೌಸಿಗೆ ಕೊಟ್ಟಿದ್ದೇನೆ ಎಂದೆ.

ಕ್ಯಾನ್ಸರೇ ಆಗಿತ್ತು. ಕತ್ತಿನ ಗಂಟುಗಳಿಗೆ ಇಳಿದಿರಲಿಲ್ಲ. ಕೆನ್ನೆಯ ಒಳಭಾಗವನ್ನೂ ನಾಲಿಗೆಯ ಒಂದು ಅಂಚನ್ನೂ ತೆಗೆದರು. ಮಾದೇವ ಆಪರೇಷನ್ ಕೋಣೆಯ ಹೊರಗೆ ನಿಂತು, ಉಂಗುರ ತಿರುಗಿಸಿ ತಿರುಗಿಸಿ ಬೆರಳು ಕೆಂಪು ಮಾಡಿಕೊಂಡಿದ್ದ. ಗೌರಮ್ಮ ಉಳಿದರು. ಈಗಲೂ ತಪ್ಪದೆ ತಪಾಸಣೆಗೆ ಹೋಗುತ್ತಾರೆ.

ಆದರೆ ಮಾತು ಬದಲಾಯಿತು. ಹಕಾರ ಮೊದಲೇ ಇರಲಿಲ್ಲ, ಈಗ ಇನ್ನೆಷ್ಟೋ ಅಕ್ಷರಗಳು ಹೋದವು. ಉಳಿದದ್ದು ಹೆಚ್ಚಾಗಿ ಸ್ವರಗಳು, ಮತ್ತು ಅವರ ಹುಬ್ಬು. ಮಗ ಕಿವುಡರೊಡನೆ ಮಾತಾಡುವಂತೆ ಜೋರಾಗಿ ಕೂಗುತ್ತಾನೆ. ಸೊಸೆ ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ನನಗೆ ಮಾತ್ರ ಅರ್ಥವಾಗುತ್ತದೆ. ಇಲ್ಲಿಯವರಿಗೆ ಗೌರಮ್ಮನ ಮಾತನ್ನು ಕಿವಿಗೊಟ್ಟು ಕೇಳುವ ಅಗತ್ಯ ಎಂದೂ ಬಿದ್ದಿರಲಿಲ್ಲ. ನಾನೋ ಪ್ರತಿ ಮಾತನ್ನೂ ಅವರ ತುಟಿ ನೋಡಿಯೇ ಕಲಿತವಳು. ಹೀಗೆ ಬೀದಿಯವರ ನಗೆಗೆ ಗುರಿಯಾದವಳು ಆ ಮನೆಗೆ ದುಭಾಷಿಯಾದೆ.

ಈಗ ಇವರ ಫೆಲೋಶಿಪ್ ಮುಗಿಯುತ್ತಿದೆ. ಮಂಗಳೂರಿನಲ್ಲಿಯೇ ಕಾಯಂ ಕೆಲಸ ಸಿಕ್ಕಿದೆ. ಅಮ್ಮ ಮನೆಗೆ ಸುಣ್ಣ ಹೊಡೆಸಿದ್ದಾಳೆ. ಬಂಗುಡೆ, ಕಡಲು, ಮದ್ದನ್ನು ಮದ್ದು ಎನ್ನಬಹುದಾದ ಊರು. ಸಂತೋಷ ಇಲ್ಲ ಎಂದರೆ ಸುಳ್ಳಾಗುತ್ತದೆ. ಗಂಟು ಕಟ್ಟುತ್ತಾ ಹಾಡಿಕೊಳ್ಳುತ್ತೇನೆ, ಕೆಳಗೆ ಇಳಿಯುವಾಗ ಹಾಡು ನಿಲ್ಲಿಸುತ್ತೇನೆ.

ಮೊನ್ನೆ ಹೆಮ್ಮರಗಾಲದಿಂದ ಗೌರಮ್ಮನ ತಂಗಿ ಬಂದಿದ್ದರು. ನಾವು ಹೊರಡುವ ಸುದ್ದಿ ತೆಗೆದರು. ಗೌರಮ್ಮ ತಂಗಿಯ ಕೈ ಹಿಡಿದು, ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಿದರು. ಮತ್ತೊಮ್ಮೆ ಹೇಳಿದರು. ತಂಗಿ, ಮಾದೇವ, ಸೊಸೆ ಎಲ್ಲರೂ ನನ್ನ ಮುಖ ನೋಡಿದರು.

"ಏನಂತವಳೆ ನಮ್ಮಕ್ಕ?"

ಅವರು ಹೇಳಿದ್ದು ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಇವಳನ್ನ ಕಳಿಸಬ್ಯಾಡಿ, ಇವಳು ಊರು ಬಿಟ್ಟು ಓದ್ರೆ ನಾನು ಮೂಗಿ ಆಯ್ತೀನಿ.

"ಕಾಪಿ ಕುಡ್ಕಂಡು ಓಗು ಅಂತವ್ರೆ," ಎಂದೆ.

ಗೌರಮ್ಮ ನನ್ನನ್ನೇ ನೋಡಿದರು. ಆಮೇಲೆ ಮಂಡಿ ಹಿಡಿದು ಎದ್ದು, ಕಾಫಿ ಮಾಡಲು ತಾವೇ ಒಳಗೆ ಹೋದರು.