ಗೋಣಿಚೀಲ ಕಿತ್ತೆಸೆದ ಕಾಕಾ

ಮೊನ್ನೆ ಕೊಪ್ಪಳದ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಬಾನೆಟ್ಟಿನ ಒಳಮೈಗೆ ಶಾಖತಡೆಯ ಹಾಳೆಯನ್ನು ಮತ್ತೆ ಅಂಟಿಸುತ್ತಿದ್ದರು. ಅರ್ಧ ಆರಿದ ಅಂಟಿನ ಘಾಟು ಮೂಗಿಗೆ ಬಡಿದದ್ದೇ ತಡ, ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು...

ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳವು. ಇರಕಲ್ಲಗಡದಿಂದ ನಮ್ಮನ್ನೂ ಕೂಲಿಗೆ ಹೊರಟ ಹೆಂಗಸರನ್ನೂ ಕೊಪ್ಪಳಕ್ಕೆ ಒಯ್ಯುತ್ತಿದ್ದ ಜೀಪಿಗೆ ಅವರು ಚಾಲಕರು, ಗಾಡಿ ಬೇರೊಬ್ಬರದು. ಇಂಜಿನ್ನಿಗೂ ನಮ್ಮ ಕಾಲುಗಳಿಗೂ ನಡುವಿನ ತಗಡಿಗೆ ಹೊದಿಸಿದ್ದ ಶಾಖತಡೆ ಹರಿದು ಜೋತುಬಿದ್ದಾಗ ಮಾಲೀಕರು ಹೊಸದನ್ನು ಹಾಕಿಸಲಿಲ್ಲ. ಬೇಸಿಗೆಯಲ್ಲಿ ನೀರಿನ ಕೊಡಕ್ಕೆ ಸುತ್ತುವಂತೆ, ಒದ್ದೆ ಗೋಣಿಚೀಲವೊಂದನ್ನು ಅಲ್ಲಿ ತುರುಕಿಸಿದರು.

ಒಂದು ಬೆಳಿಗ್ಗೆ, ಊರು ದಾಟುವ ಮೊದಲೇ, ಕಾಲಡಿಯಿಂದ ಹೊಗೆ ಎದ್ದಿತು. ಕಾಕಾ ಎಲ್ಲರನ್ನೂ ಇಳಿಸಿ, ಮಣ್ಣೆರಚಿ, ಸಲಾಕೆಯಿಂದ ಗೋಣಿಯನ್ನು ಎಳೆದು ರಸ್ತೆಗೆ ಎಸೆದರು. ನೀರು ಆರಿದ ಅದರ ಅಂಚು ಕೆಂಡವಾಗಿತ್ತು. ಸುದ್ದಿ ತಿಳಿದು ಮಾಲೀಕರು ಬೈಕಿನಲ್ಲಿ ಬಂದರು.

“ಮತ್ತ ನೀರ ಹೊಡದು ಹಾಕಲೇ. ಕೊಡ ತಂಪ ಇಡೂ ಗೋಣಿ ಇಂಜಿನ್ ತಂಪ ಇಡಂಗಿಲ್ಲೇನು?”

“ಕೊಡದಾಗ ನೀರ ಇರ್ತೈತ್ರಿ ಸಾವ್ಕಾರ್ರ, ಇದರಾಗ ಬೆಂಕಿ ಐತಿ. ಅಷ್ಟ ನಂಬಿಕಿ ಇದ್ರ ನಿಮ್ಮ ಮನ್ಯಾಗಿನವರನ್ನೂ ಕರಕೊಂಡು ಬರ್ರಿ, ಮುಂದ ಕುಂದರ್ರಿ.”

“ನೀ ಹೊಡಿಯಂಗಿಲ್ಲಂದ್ರ ಹೊಡಿಯಾಕ ಮಂದಿ ಭಾಳ ಅದಾರ!”

ಕಾಕಾ ಕೀಲಿಯನ್ನು ಅವರ ಕೈಗಿತ್ತರು. ಕಾಕಾನ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ... ಆಗ ಕೂಲಿಯ ಅಜ್ಜಿಯೊಬ್ಬಳು ಬುತ್ತಿಗಂಟನ್ನು ತಲೆಗೇರಿಸಿದಳು. “ಹೊಡಿಯಾಕ ಮಂದಿ ಅದಾರ, ಖರೆ. ಕುಂದ್ರಾಕ ಯಾರದಾರೋ ನನ್ನಪ್ಪಾ?” ಎಂದವಳೇ ನಡೆದುಬಿಟ್ಟಳು. ನಗುತ್ತ ನಾವೆಲ್ಲ ಅವಳ ಹಿಂದೆ ಹೊರಟೆವು. ಖಾಲಿ ಗಾಡಿಯ ಪಕ್ಕದಲ್ಲಿ ಮಾಲೀಕರೊಬ್ಬರೇ ಉಳಿದರು.

ಯಾರೂ ಹತ್ತದೆ ಗಾಡಿ ನಿಂತೇ ಇದ್ದುದರಿಂದ ಅದೇ ವಾರ ಅವರು ಕಾಕಾನನ್ನು ಮರಳಿ ಕರೆಸಿಕೊಂಡರು. ಹೊಸ ಹಾಳೆಯೂ ಬಂತು. ಹಳೆಯ ಅಂಟು ಕೆರೆದು, ಜಿಡ್ಡು ಒರೆಸಿ, ಅಂಚುಗಳಿಗೆ ಕ್ಲಿಪ್ಪು ಬಿಗಿದ ಮೇಲೆಯೇ ಕಾಕಾ ಕೀಲಿ ಮುಟ್ಟಿದ್ದು.

ಗಾಡಿ ಹೊತ್ತಿ ಉರಿದರೆ ನಮ್ಮಲ್ಲಿ ಹಣೆಬರಹ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗಾಡಿಗೆ ಮಾಲೀಕರಿದ್ದಾರೆ, ಅದು ರಸ್ತೆಗೆ ಯೋಗ್ಯವೆಂದು ಮುದ್ರೆ ಒತ್ತಿದ ಅಧಿಕಾರಿಯೂ ಇದ್ದಾನೆ. ಬೂದಿಯಾಗುವ ಮೊದಲೇ ಅವರಿಂದ ಉತ್ತರ ಪಡೆಯುವುದು ನಮ್ಮ ಹಕ್ಕು.

ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಬಾಗಿಲಿನ ಮುಂದೆ ಹಾಯುವಾಗ ಈಗಲೂ ಹೆಜ್ಜೆ ತಡೆಯುತ್ತದೆ... ಈ ವಾರ ಊರಿಗೆ ಹೋದಾಗ, ನಮ್ಮ ಜಿಲ್ಲೆಯದೇ ಆದ ಸಿದ್ದಾಪುರದ ಕಡೆ ಭತ್ತದ ನಾಟಿಗೆ ಹೊರಟ ಹೆಂಗಸರು ಬೇರೊಂದು ಜೀಪಿನ ಸುತ್ತ ನಿಂತಿದ್ದರು. ಹೊಸ ಚಾಲಕ “ಲಗೂ ಹತ್ರಿ” ಎಂದು ಅವಸರಿಸುತ್ತಿದ್ದ. ಯಾರೂ ಹತ್ತಲಿಲ್ಲ.

“ಮೊದಲ ಬಾನೆಟ್ ಎತ್ತೋ ತಮ್ಮಾ,” ಎಂದಳು ಒಬ್ಬಳು, “ಒಳಗ ಏನ ಹೊಚ್ಚೀರಿ ನೋಡೂನು.”