ಪರವಾಗಿಲ್ಲಪ್ಪನ ಮಂತ್ರ

ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಆ ಮನುಷ್ಯನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಯಾರೂ ಅದನ್ನು ಬಳಸುತ್ತಿರಲಿಲ್ಲ. ಗಿರಾಕಿ ತನ್ನ ಕನ್ನಡಕದ ಮೇಲೆ ತಾನೇ ಕೂತು ಮುರಿದುಕೊಂಡು ಬಂದು ಇವನನ್ನು ಬೈದರೂ ‘ಪರವಾಗಿಲ್ಲ’. ಮಾಲೀಕರು ಇವನ ರಜೆಯನ್ನು ಕ್ಯಾಶಿಯರಿಗೆ ಕೊಟ್ಟರೂ ‘ಪರವಾಗಿಲ್ಲ’. ಬಸ್ಸಿನಲ್ಲಿ ಕಾಲು ತುಳಿದವರು ಬಾಯಿ ತೆರೆಯುವ ಮೊದಲೇ ‘ಪರವಾಗಿಲ್ಲ’. ಹೀಗಾಗಿ ಅವನು ಎಲ್ಲರಿಗೂ ಪರವಾಗಿಲ್ಲಪ್ಪನಾದ. ಹಾಗೆ ಕರೆದರೆ ಬೇಸರವೇ ಎಂದು ಯಾರೋ ಒಮ್ಮೆ ಕೇಳಿದ್ದರು. ಅವನು ಏನೆಂದನೆಂದು ಬೇರೆ ಹೇಳಬೇಕಾಗಿಲ್ಲ.

ಅವನ ಮನೆಯಲ್ಲಿ ಕಿಟಕಿ ಇರುವ ಸಣ್ಣ ಕೋಣೆಯೊಂದಿತ್ತು, ಕಿಟಕಿಯ ಕೆಳಗೆ ಅವನ ಮೇಜು. ರಜೆಯ ದಿನ ಅಲ್ಲಿ ಕೂತು, ಹಗಲ ಬೆಳಕಿನಲ್ಲಿ ಹಳೇ ಕನ್ನಡಕಗಳ ಸಾಸಿವೆಯಷ್ಟು ಸಣ್ಣ ತಿರುಪುಗಳನ್ನು ಬಿಗಿ ಮಾಡುವುದೇ ಅವನಿಗಿದ್ದ ಒಂದೇ ಸುಖ. ಹೆಂಡತಿಯ ತಮ್ಮ, ಕೆಲಸ ಸಿಗುವವರೆಗೆ ಎರಡು ವಾರ ಇರುತ್ತೇನೆಂದು ಆ ಕೋಣೆ ಹೊಕ್ಕ. ಕೆಲಸ ಸಿಕ್ಕಿತು, ಬಡ್ತಿಯೂ ಸಿಕ್ಕಿತು, ಬಾಮೈದ ಮಾತ್ರ ಕದಲಲಿಲ್ಲ. ಮೇಜು ಅಡುಗೆಮನೆಗೆ, ಫ್ರಿಜ್ಜಿನ ಪಕ್ಕಕ್ಕೆ ಹೋಯಿತು. ಊರಿಗೆಲ್ಲ ಕಣ್ಣು ಕೊಡುವವನು ಮಂಕು ಬಲ್ಬಿನ ಕೆಳಗೆ ತಿರುಪಿಗಾಗಿ ತಡಕಾಡತೊಡಗಿದ. ಕೋಣೆ ವಾಪಸು ಬೇಕೆಂದು ಅವನ ಹೊಟ್ಟೆ ಉರಿಯುತ್ತಿತ್ತು. ನಾಲಿಗೆಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

“ನಾನು ಹೋಗು ಅಂದ್ರೆ ನಮ್ಮಮ್ಮ ನನ್ನ ಜನ್ಮ ಜಾಲಾಡ್ತಾಳೆ. ನೀವು ಹೇಳಿ ನೋಡಿ, ಬೇಡ ಅನ್ನಲ್ಲ,” ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಇವನು ಹೇಳಲು ಹೋಗಿ, ಬಾಮೈದನ ಅಂಗಿಗಳಿಗೆ ಇಸ್ತ್ರಿ ಹಾಕಿಕೊಟ್ಟು ಬಂದಿದ್ದ.

ಅಕ್ಕ ತಮ್ಮ ಸೇರಿ ಭಾನುವಾರದ ಮಧ್ಯಾಹ್ನಗಳಿಗೆ ಒಂದು ಆಟ ಹಚ್ಚಿಕೊಂಡಿದ್ದರು. ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಗುಹೆ, ರಾಕ್ಷಸ, ನಿಧಿ ಎಂದು ಅಲೆಯುವುದು. ಕಥೆ ನಡೆಸುವವಳು ಅಕ್ಕ. ತಮ್ಮ ಖಡ್ಗವೀರ, ತಾನು ಉಂಡ ತಟ್ಟೆಯನ್ನೂ ಎತ್ತದ ಖಡ್ಗವೀರ. ಮಹಡಿಮನೆಯ ಡ್ರೈವಿಂಗ್ ಮೇಷ್ಟ್ರು ಬಿಲ್ಲುಗಾರ. ವಾರವಿಡೀ ಬೇರೆಯವರ ಪರವಾಗಿ ಬ್ರೇಕ್ ತುಳಿದು ಬೇಸತ್ತಿದ್ದ ಅವರು ಇಲ್ಲಿ ಹಿಂದುಮುಂದು ನೋಡದೆ ನುಗ್ಗುತ್ತಿದ್ದರು. ಪರಿಣಾಮವಾಗಿ ಇಬ್ಬರೂ ವಾರವಾರವೂ ಸಾಯುತ್ತಿದ್ದರು.

“ಭಾವ, ನಮಗೊಂದು ಸಪೋರ್ಟ್ ಪಾತ್ರ ಬೇಕು,” ಎಂದ ಬಾಮೈದ. “ಹಿಂದೆ ನಿಂತ್ಕೊಂಡು ನಮ್ಮ ಗಾಯ ವಾಸಿ ಮಾಡೋದು, ಅಷ್ಟೇ. ನಿಮಗೆ ಹೇಳಿ ಮಾಡಿಸಿದ ಹಾಗಿದೆ.”

ಪರವಾಗಿಲ್ಲಪ್ಪ ಅದನ್ನು ಮೈಮೇಲೆ ಹಾಕಿಕೊಂಡು ವಾರವಿಡೀ ಪಾತ್ರ ಕಟ್ಟಿದ. ಹಾಳೆಯ ಮೇಲೆ ಮೊದಲು ಗುರಾಣಿ ಬರೆದ, ಆಮೇಲೆ ಅದನ್ನು ಬಾಮೈದನಿಗೆ ಬಿಟ್ಟುಕೊಟ್ಟ. ಕುದುರೆ ಬರೆದ, ಮೇಷ್ಟ್ರಿಗೆ ಬೇಕಾದೀತೆಂದು ಹೊಡೆದುಹಾಕಿದ. ಕೊನೆಗೆ ಉಳಿದದ್ದು ಒಬ್ಬ ಕುಂಟ ವೈದ್ಯ, ಕೈಯಲ್ಲಿ ಲಾಂದ್ರ, ಬೆನ್ನ ಮೇಲೆ ಎಲ್ಲರ ಗಂಟುಮೂಟೆ. ಆ ವೈದ್ಯನ ಮೇಲೆ ಅವನಿಗೆ ಪ್ರೀತಿ ಹುಟ್ಟಿತು. ಗಾಯ ಮಾಯಿಸುವ ಮಂತ್ರವೊಂದು ಮಾತ್ರ ಹೊಳೆಯಲಿಲ್ಲ.

“ನಿಮಗೆ ಬರೋ ಮಂತ್ರ ಇರೋದೇ ಒಂದಲ್ವೇನ್ರಿ,” ಎಂದಳು ಹೆಂಡತಿ. “ಪರವಾಗಿಲ್ಲ ಅಂತ ಯಾರಿಗೆ ಹೇಳ್ತೀರೋ ಅವರಿಗೆ ನಿಮ್ಮದೊಂದು ಪ್ರಾಣ ಹೋಗುತ್ತೆ. ಆಟಕ್ಕೆ ಹೇಳಿದ್ರೋ ಅಭ್ಯಾಸಕ್ಕೆ ಹೇಳಿದ್ರೋ ನಾನು ಕೇಳಲ್ಲ. ಮೇಜಿನ ಹತ್ರ ಬಾಯಿಂದ ಬಿತ್ತು ಅಂದ್ರೆ ಲೆಕ್ಕ.”

ಅವನು ಅಂಗಡಿಯಲ್ಲಿ ಬಿಸಾಡಿದ ಗೀರುಬಿದ್ದ ಗಾಜುಗಳಲ್ಲಿ ಹತ್ತನ್ನು ತಂದು ಪ್ರಾಣಗಳೆಂದು ಮುಂದೆ ಜೋಡಿಸಿಕೊಂಡ. ಆಟ ಶುರುವಾಗಿ ಗುಹೆಯ ಬಾಗಿಲು ತೆರೆಯುವ ಮೊದಲೇ ಮೇಷ್ಟ್ರ ಕೈತಾಗಿ ಅವನ ಪ್ಯಾಂಟಿನ ಮೇಲೆ ಚಹಾ ಚೆಲ್ಲಿತು. “ಪರವಾಗಿಲ್ಲ,” ಎಂದ. ಹೆಂಡತಿ ಒಂದು ಗಾಜನ್ನು ಮೇಷ್ಟ್ರ ಕಡೆ ಸರಿಸಿದಳು. ವೀರರಿಬ್ಬರೂ ಮುಖ ಮುಖ ನೋಡಿಕೊಂಡರು.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಇಂಥ ಮೇಜಿನ ಸುತ್ತಲೇ ಹುಟ್ಟಿರಬೇಕು. ಬಾಮೈದ ಅವನ ಕುರ್ಚಿಗೆ ಒದ್ದು ‘ಸಾರಿ’ ಎಂದ. ಮೇಷ್ಟ್ರು ಅವನ ಪಾಲಿನ ಬಿಸ್ಕತ್ತು ತಿಂದು ‘ಬೇಜಾರಿಲ್ಲ ತಾನೆ’ ಎಂದರು. ಪ್ರತಿ ಸಲವೂ ಅವನು ತುಟಿ ಕಚ್ಚಿ ಹಿಡಿಯಬೇಕೆಂದುಕೊಂಡ, ಪ್ರತಿ ಸಲವೂ ಮಾತು ಜಾರಿತು. ರಾಕ್ಷಸನ ಉಗುರು ಕೂಡ ತಾಗದ ವೈದ್ಯ ಸ್ವಂತ ಸ್ನೇಹಿತರ ಸೌಜನ್ಯದಿಂದಲೇ ಸಾಯುವ ಸ್ಥಿತಿಗೆ ಬಂದ.

ಕಡೆಗೆ ಎದುರಿಗೆ ಹೆಬ್ಬಾವಿನಂಥ ರಾಕ್ಷಸ. ವೀರರು ತಮಗೆ ಸಿಕ್ಕ ಗಾಜುಗಳನ್ನೆಲ್ಲ ಖರ್ಚು ಮಾಡಿ ಮುಗಿಸಿದ್ದರು. ಖಡ್ಗವೀರನ ಉಸಿರು ಗಂಟಲಲ್ಲಿತ್ತು. ವೈದ್ಯನ ಮುಂದೆ ಉಳಿದಿದ್ದು ಒಂದೇ ಗಾಜು.

“ಮಂತ್ರ ಹೇಳಿ ಭಾವ,” ಎಂದ ಬಾಮೈದ. ಪರವಾಗಿಲ್ಲಪ್ಪ ಕುಂಟ ವೈದ್ಯನನ್ನು ನೆನೆದು ತಡೆದ. ಬಾಮೈದ ನಕ್ಕ. ಆ ಬಾಯನ್ನು ಹೇಗೆ ತೆರೆಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಹೇಗೂ ಕೇಳೋದಿತ್ತು. ನಾನು ಆ ರೂಮಲ್ಲೇ ಖಾಯಂ ಆಗಿ ಇದ್ದುಬಿಡೋಣ ಅಂತಿದ್ದೀನಿ. ನಾಳೆ ಬಡಗಿ ಬರ್ತಾನೆ, ದೊಡ್ಡದೊಂದು ಕಪಾಟು ಮಾಡಿಸ್ತೀನಿ. ಕಿಟಕಿ ಮುಚ್ಚಿಹೋಗುತ್ತೆ. ಪರವಾಗಿಲ್ಲ ಅಲ್ವಾ ಭಾವ?”

“ಪರವಾ...” ಎಂದ ಅವನು.

ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಹೆಂಡತಿ ಗಾಜಿನ ಮೇಲೆ ಬೆರಳಿಟ್ಟಳು, ಸರಿಸಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ವಿಪರೀತ ಭಯವಾಯಿತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು.

“...ಗಿದೆ,” ಎಂದು ಮುಗಿಸಿದ.

“ಏನು?”

“ಪರವಾಗಿದೆ.”

“ಹಾಗೆ ಯಾರೂ ಹೇಳಲ್ಲ ಭಾವ. ಅಂಥ ಮಾತೇ ಇಲ್ಲ.”

“ಇವತ್ತಿಂದ ಇದೆ. ಕಿಟಕಿ ನನಗೆ ಬೇಕು. ರೂಮೂ ಬೇಕು. ನೀನು ಬೇರೆ ಮನೆ ನೋಡ್ಕೋ.”

ಹೆಂಡತಿ ರಾಕ್ಷಸನ ಪರವಾಗಿ ದಾಳ ಉರುಳಿಸಿದಳು. “ಖಡ್ಗವೀರ ಸತ್ತ,” ಎಂದಳು. ತಮ್ಮ ಸತ್ತ ದುಃಖವನ್ನು ಅವಳ ದನಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಿತ್ತು.

ಬಾಮೈದ ಕೆಲವು ದಿನ ಮಾತು ಬಿಟ್ಟ, ಊಟ ಬಿಡಲಿಲ್ಲ. ಆಮೇಲೆ ಆಫೀಸಿನ ಹತ್ತಿರ ಒಂದು ಮನೆ ಹಿಡಿದ. ಹೊರಡುವಾಗ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, “ಸ್ವಂತ ಭಾವನೇ ಹೀಗೆ ಮಾಡಿದ್ರಲ್ಲ, ನನಗೆ ತುಂಬ ಬೇಜಾರಾಗಿದೆ,” ಎಂದ.

ಪರವಾಗಿಲ್ಲಪ್ಪ ಅಡುಗೆಮನೆಯಿಂದ ಮೇಜನ್ನು ಕಿಟಕಿಯ ಕಡೆ ಎಳೆಯುತ್ತಿದ್ದ. ತಲೆಯೆತ್ತಿ ಬಾಮೈದನನ್ನು ನೋಡಿದ.

“ಪರವಾಗಿಲ್ಲ,” ಎಂದ.